ಠಾಣೆಯ ಬೆಂಚಿನ ಮೇಲೆ ನೀನು ಕೇಳಿದ ಪ್ರಶ್ನೆ

ಪ್ರೀತಿಯ ಪುಟ್ಟಿ,

ಮೊಬೈಲ್ ಕಳವಾದ ದಿನ ಠಾಣೆಯ ಬೆಂಚಿನ ಮೇಲೆ ಮೂರು ಗಂಟೆ ಕೂತು, ದೂರು ಬರೆಸಲಾಗದೆ ವಾಪಸ್ ಬಂದೆವಲ್ಲ. "ಅಮ್ಮಾ, ಪೊಲೀಸರ ಮೇಲೇ ದೂರಿದ್ದರೆ ಯಾರ ಹತ್ರ ಹೋಗಬೇಕು?" ಅಂತ ಕೇಳಿದ್ದೆ. ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿದೆ.

ಪ್ರಕಾಶ್ ಸಿಂಗ್ ಅಂತ ನಿವೃತ್ತ ಪೊಲೀಸ್ ಅಧಿಕಾರಿ. ಉತ್ತರ ಪ್ರದೇಶದಲ್ಲಿ ಡಿಜಿಪಿ, ಅಂದರೆ ರಾಜ್ಯದ ಪೊಲೀಸ್ ಮುಖ್ಯಸ್ಥ ಆಗಿದ್ದವರು. ಪೊಲೀಸ್ ವ್ಯವಸ್ಥೆ ಸರಿಯಾಗಲಿ ಅಂತ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷದ ನಂತರ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಅದರ ಏಳು ನಿರ್ದೇಶನಗಳಲ್ಲಿ ಒಂದು, ಪೊಲೀಸರ ಮೇಲಿನ ದೂರು ವಿಚಾರಿಸುವ ಪೊಲೀಸ್ ದೂರು ಪ್ರಾಧಿಕಾರ: ರಾಜ್ಯಕ್ಕೊಂದು, ಜಿಲ್ಲೆಗೊಂದು, ನಿವೃತ್ತ ನ್ಯಾಯಾಧೀಶರ ಕೈಯಲ್ಲಿ.

ಆದರೆ ಪೊಲೀಸ್ ಇಲಾಖೆ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಕಾನೂನು ಮಾಡಬೇಕಾದ್ದು ಶಾಸನಸಭೆ. ನಮ್ಮ ಕರ್ನಾಟಕ 1963ರ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ಪ್ರಾಧಿಕಾರಗಳನ್ನು ಸೇರಿಸಿತು. ಜಿಲ್ಲೆಯಲ್ಲಿ ಮಾತ್ರ ನಿವೃತ್ತ ನ್ಯಾಯಾಧೀಶರ ಬದಲು ಸೇವೆಯಲ್ಲಿರುವ ಸರ್ಕಾರಿ ಅಧಿಕಾರಿಯನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಪೊಲೀಸರಿಗೂ ಅವರಿಗೂ ಒಬ್ಬರೇ ಯಜಮಾನರು. ಇದು ನನಗೆ ಒಪ್ಪಿಗೆಯಿಲ್ಲ.

ಇನ್ನು ಸದಸ್ಯರನ್ನು ನೇಮಿಸುವುದು, ಹಣ ಕೊಡುವುದು, ಸಿಬ್ಬಂದಿ ಕೊಡುವುದು ಎಲ್ಲ ಸರ್ಕಾರದ ಕೈಯಲ್ಲಿದೆ. ಕುರ್ಚಿ ಖಾಲಿ ಬಿಟ್ಟರೆ ಸಾಕು, ಕಾನೂನು ಸುಮ್ನೆ ಕಪಾಟಿನಲ್ಲಿ ಕೂರುತ್ತದೆ. ಆಗ ಸದನದಲ್ಲಿ ಎದ್ದು ನಿಂತು "ಯಾಕೆ ಖಾಲಿ?" ಅಂತ ಕೇಳಬೇಕಾದವರು ಶಾಸಕರು.

ನನಗೆ ಜಾಸ್ತಿ ನೋವಾಗುವುದು ಇಲ್ಲೇ. ನನ್ನ ಕ್ಷೇತ್ರಕ್ಕೆ ಇಂಥ ಇನ್‌ಸ್ಪೆಕ್ಟರೇ ಬೇಕು ಅಂತ ಶಾಸಕರು ಶಿಫಾರಸು ಪತ್ರ ಕೊಡುವುದು ನಮ್ಮಲ್ಲಿ ಗುಟ್ಟೇನಲ್ಲ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಕೊಡಿ, ವರ್ಗಾವಣೆಯನ್ನು ಪೊಲೀಸ್ ಅಧಿಕಾರಿಗಳ ಮಂಡಳಿಗೇ ಬಿಡಿ ಅಂತ ಕೋರ್ಟ್ ಹೇಳಿದ್ದು ಇದನ್ನು ತಡೆಯುವುದಕ್ಕೇ. ಪತ್ರ ಕೊಟ್ಟು ಅಧಿಕಾರಿಯನ್ನು ಕರೆಸಿಕೊಂಡವರು ನಾಳೆ ಅದೇ ಅಧಿಕಾರಿಯ ಬಗ್ಗೆ ಸದನದಲ್ಲಿ ಪ್ರಶ್ನೆ ಎತ್ತುತ್ತಾರಾ? ಪತ್ರವಿಲ್ಲದೆ ನೆಟ್ಟಗೆ ಕೆಲಸ ಮಾಡುವ ಇನ್‌ಸ್ಪೆಕ್ಟರ್ ಗತಿ ಏನು, ಯೋಚಿಸು.

ನಮ್ಮ ಶಾಸಕರಿಗೆ ಒಂದು ಅರ್ಜಿ ಬರೆದಿದ್ದೇನೆ. ನಮ್ಮ ಜಿಲ್ಲೆಯ ಪ್ರಾಧಿಕಾರ ಕಳೆದ ವರ್ಷ ಎಷ್ಟು ಸಲ ಸಭೆ ಸೇರಿತು, ಎಷ್ಟು ದೂರು ಮುಗಿಸಿತು ಅಂತ ಸದನದಲ್ಲಿ ಕೇಳಿ ಅಂದಿದ್ದೇನೆ. ಹೋದ ತಿಂಗಳು ನಿನಗೆ ಹದಿನೆಂಟು ತುಂಬಿತಲ್ಲ. ಭಾನುವಾರ ಬಂದಾಗ ನೀನೂ ಸಹಿ ಹಾಕು. ಸೋಮವಾರ ಇಬ್ಬರೂ ಹೋಗಿ ಕೊಟ್ಟು ಬರೋಣ.

ನಿನ್ನ,
ಅಮ್ಮ