ಮೈಕ್ ಪ್ಲಗ್‌ನ ಬದಲು ಗಿಟಾರ್ ಪ್ಲಗ್ ಕಳಿಸಿ, ವಾಪಸು ಪಡೆಯಲು ನಿರಾಕರಿಸಿರುವ ಕುರಿತು ದೂರು

ಗೆ,
ಕುಂದುಕೊರತೆ ಅಧಿಕಾರಿಗಳು

ಮಾನ್ಯರೇ,

ವಿಮಾನ ಹಾರಾಟ ಕಲಿಯುತ್ತಿರುವ ನನ್ನ ಮಗಳಿಗಾಗಿ ಮನೆಯಲ್ಲೇ ಒಂದು ಹೆಡ್‌ಸೆಟ್ ತಯಾರಿಸುತ್ತಿದ್ದೇನೆ. ಕಾರ್ಖಾನೆಯವರು ಧರಿಸುವ ಇಯರ್‌ಮಫ್‌ನೊಳಗೆ 32 ಓಮ್‌ನ ಎರಡು ಸ್ಪೀಕರ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿ, ಒಟ್ಟು ವಿದ್ಯುತ್ ಪ್ರತಿರೋಧ 150 ಓಮ್‌ಗೆ ಕಡಿಮೆಯಾಗದಂತೆ ರೆಸಿಸ್ಟರ್ ಸೇರಿಸಿದ್ದಾಗಿದೆ. ವಿಮಾನದ ರೇಡಿಯೊಗಳು ಇಂದಿಗೂ ಹಳೆಯ ಕಾರ್ಬನ್ ಮೈಕಿನ ಮಟ್ಟದ ಜೋರು ಸಿಗ್ನಲ್ಲನ್ನೇ ಬಯಸುವುದರಿಂದ, ದುರ್ಬಲ ಸಿಗ್ನಲ್ ಕೊಡುವ ಸಾಧಾರಣ ಎಲೆಕ್ಟ್ರೆಟ್ ಮೈಕಿಗೆ ಒಂದು ಟ್ರಾನ್ಸಿಸ್ಟರಿನ ಪುಟ್ಟ ಆಂಪ್ಲಿಫೈಯರ್ ಸೋಲ್ಡರ್ ಮಾಡಿದ್ದೇನೆ. ರೇಡಿಯೊ ಮೈಕಿನ ತಂತಿಯಲ್ಲೇ ಕೊಡುವ 8ರಿಂದ 16 ವೋಲ್ಟ್‌ನಲ್ಲಿ ಅದು ನಡೆಯುತ್ತದೆ. ಉಳಿದದ್ದು ಮೈಕಿನ ಪ್ಲಗ್ ಒಂದೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗದೆ, ನಿಮ್ಮ ಜಾಲತಾಣದಲ್ಲಿ ಪಿಜೆ-068 (ವಿಮಾನದ ಮೈಕಿನ ಪ್ಲಗ್ಗಿನ ಮಾದರಿ ಸಂಖ್ಯೆ) ಎಂದು ನಮೂದಿಸಿದ್ದ ಪ್ಲಗ್ ತರಿಸಿದೆ.

ಪೊಟ್ಟಣದ ಚೀಟಿಯಲ್ಲಿ 068 ಎಂದೇ ಇತ್ತು. ಒಳಗಿದ್ದದ್ದು ಗಿಟಾರಿನ ಪ್ಲಗ್. ಅದರ ದಪ್ಪವನ್ನು ವರ್ನಿಯರ್ ಮಾಪಕದಲ್ಲಿ ಮೂರು ಸಲ ಅಳೆದೆ. ಮೂರು ಸಲವೂ 6.35 ಮಿ.ಮೀ. ಬೇಕಾದದ್ದು 5.23. ಮೇಲಾಗಿ ಅದಕ್ಕೆ ಎರಡೇ ಸಂಪರ್ಕಗಳು. ಮಾತನಾಡುವಾಗ ಒತ್ತುವ ಗುಂಡಿಯ ತಂತಿಗೆ ಜಾಗವೇ ಇಲ್ಲ.

ಮೂರು ಬಾರಿ ಸೌಜನ್ಯದಿಂದಲೇ ಕರೆ ಮಾಡಿದೆ. ನಾಲ್ಕನೆಯ ಕರೆಯಲ್ಲಿ ನಿಮ್ಮ ಸಿಬ್ಬಂದಿ, "ಸ್ವಲ್ಪ ಒತ್ತಿದ್ರೆ ಹೋಗುತ್ತೆ ಅಂಕಲ್" ಎಂದರು. ಒಂದು ಮಿಲಿಮೀಟರಿಗಿಂತ ಹೆಚ್ಚು ದಪ್ಪವಿರುವುದು ಒತ್ತಿದರೆ ಹೋಗದು, ಜ್ಯಾಕ್ ಒಡೆಯುತ್ತದೆ ಎಂದೆ. "ಮೊಬೈಲಿಗೆ ಹಾಕಿ ನೋಡಿದ್ರಾ?" ಎಂದು ಕೇಳಿದರು. ಇದು ವಿಮಾನದ ಹೆಡ್‌ಸೆಟ್ಟಿಗೆ ಎಂದು ವಿವರಿಸಿದೆ. ಹನ್ನೊಂದು ನಿಮಿಷ ಕಾಯಿಸಿದ ಬಳಿಕ ಮೇಲ್ವಿಚಾರಕರು ಬಂದು, ಪೊಟ್ಟಣ ಒಡೆದಿರುವುದರಿಂದ ವಾಪಸಿಲ್ಲ ಎಂದರು. ಒಡೆಯದೆ ಅಳೆಯುವುದು ಹೇಗೆಂದು ಕೇಳಿದ್ದಕ್ಕೆ, "ಹೆಡ್‌ಸೆಟ್ ಕೊಡಿಸೋಕಾಗದವರು ಮಗಳಿಗೆ ವಿಮಾನ ಯಾಕೆ ಕಲಿಸ್ತೀರಿ?" ಎಂದು ಕೇಳಿ ಕರೆ ಕತ್ತರಿಸಿದರು. ಫೋನ್ ಸ್ಪೀಕರಿನಲ್ಲಿತ್ತು. ತಂತಿ ಹಿಡಿದು ಎದುರಿಗೇ ಕುಳಿತಿದ್ದ ನನ್ನ ಮಗಳು ತಂತಿಯನ್ನು ಮೇಜಿನ ಮೇಲಿಟ್ಟು ಎದ್ದುಹೋದಳು.

ವಿವರಣೆಗೆ ಹೊಂದದ ವಸ್ತುವನ್ನು ವಾಪಸು ಪಡೆಯಲು ನಿರಾಕರಿಸುವಂತಿಲ್ಲವೆಂದೂ, ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕೆಂದೂ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಹೇಳುವುದು ನಿಮಗೆ ತಿಳಿಯದ್ದೇನಲ್ಲ. ನನ್ನ ಇಮೇಲ್ ತಲುಪಿ ಒಂಬತ್ತು ದಿನಗಳಾದವು; ಒಂದು ಸಾಲಿನ ಉತ್ತರವೂ ಇಲ್ಲ.

ಪ್ಲಗ್ಗಿನ ಹಣ ಈಗ ನನಗೆ ಮುಖ್ಯವಲ್ಲ. ಏಳು ದಿನಗಳೊಳಗೆ ಆ ಮೇಲ್ವಿಚಾರಕರು ನನ್ನ ಮಗಳಿಗೆ ಲಿಖಿತವಾಗಿ ಕ್ಷಮೆ ಕೇಳದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದಾವೆ ಹೂಡುತ್ತೇನೆ. ಕರೆಗಳನ್ನು ಧ್ವನಿಮುದ್ರಿಸಲಾಗುತ್ತದೆ ಎಂದು ಪ್ರತಿ ಸಲವೂ ನೀವೇ ಹೇಳುತ್ತೀರಿ. ಆ ನಾಲ್ಕನೆಯ ಕರೆಯನ್ನು ಅಳಿಸಬೇಡಿ. ಆಯೋಗದ ಮುಂದೆ ಅದನ್ನು ಪೂರ್ತಿ ಕೇಳಿಸುವಂತೆ ಕೋರಲಿದ್ದೇನೆ.

ಇತಿ,
ನಿಮ್ಮ ಗ್ರಾಹಕ