ಮೊದಲು ಕಣ್ಣು ತೋರಿಸಿ, ಅಪ್ಪ

ಹಾರ್ಟ್‌ಫರ್ಡ್, ಫೆಬ್ರವರಿ 9

ತೀರ್ಥರೂಪ ಅಪ್ಪನಿಗೆ ಮಂಜು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮ, ಸುಮಾ, ಭಾವ, ಪುಟ್ಟಿ ಎಲ್ಲರನ್ನೂ ಕೇಳಿದೆ ಎಂದು ಹೇಳಿ.

ನಿಮ್ಮ ಪತ್ರ ಮೊನ್ನೆ ಬಂತು. ಎರಡು ಪುಟವೂ ಜೆರ್ಸಿ ವಿಷಯವೇ. "ಯಾರೋ ಬೆವರಿ ಬಿಸಾಕಿದ ಹರಕು ಅಂಗಿಗೆ ಒಂಬೈನೂರು ಡಾಲರ್ ಕೊಟ್ಟೆಯಂತೆ" ಎಂದು ಕೇಳಿದ್ದೀರಿ. ಸುಮಾ ಹೇಳಿರಬೇಕು. ಅದಕ್ಕೆ ಉತ್ತರ ಬರೆಯುತ್ತೇನೆ. ಆದರೆ ನನಗೆ ಭಯವಾಗಿದ್ದು ನಿಮ್ಮ ಅಕ್ಷರ ನೋಡಿ. ಒಂದು ಸಾಲಿನ ಮೇಲೆ ಇನ್ನೊಂದು ಹತ್ತಿಕೊಂಡಿದೆ. ಅಂಚಿನಲ್ಲಿ ಅಮ್ಮ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದಾರೆ: ಸೂಜಿಗೆ ದಾರ ಪೋಣಿಸಲು ಅಪ್ಪ ಈಗ ಪಕ್ಕದ ಅಂಗಡಿ ಹುಡುಗನನ್ನು ಕರೆಯುತ್ತಾರೆ, ಡಾಕ್ಟರು ಪೊರೆ ಅಂದಿದ್ದಾರೆ ಎಂದು. ಇದನ್ನು ನನಗೆ ಯಾಕೆ ಹೇಳಲಿಲ್ಲ?

ಜೆರ್ಸಿಯದ್ದು ಮೊದಲು ಮುಗಿಸುತ್ತೇನೆ. ಅದು ಈ ಊರಿನದೇ ಐಸ್ ಹಾಕಿ ತಂಡ, ಹಾರ್ಟ್‌ಫರ್ಡ್ ವೇಲರ್ಸ್‌ನದು. ಈಗ ಆ ತಂಡ ಇಲ್ಲ. 1997ರಲ್ಲಿ ಮಾಲೀಕರು ಅದನ್ನು ಉತ್ತರ ಕೆರೊಲಿನಾಕ್ಕೆ ಒಯ್ದು ಹೆಸರನ್ನೇ ಬದಲಾಯಿಸಿದರು. ಇಲ್ಲಿಯ ಕೊನೆಯ ಪಂದ್ಯ ಏಪ್ರಿಲ್ 13ಕ್ಕೆ. 2-1ರಲ್ಲಿ ಗೆದ್ದೇ ಹೊರಟರು. ಕೊಡಗಿನ ಕರಡ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಹಾಕಿ ಹಬ್ಬ ಶುರು ಮಾಡಿದ ವರ್ಷವೂ ಅದೇ. ಆ ವರ್ಷ ನೀವು ರಾತ್ರಿಯೆಲ್ಲ ಮಿಷನ್ ಮುಂದೆ ಕೂತು ಟೀ ಶರ್ಟುಗಳಿಗೆ ನಂಬರ್ ಹೊಲಿದದ್ದು ನನಗೆ ಇನ್ನೂ ನೆನಪಿದೆ.

ತಂಡ ಹೋಗಿ ಇಷ್ಟು ವರ್ಷವಾದರೂ ಇಲ್ಲಿ ಜನ ತಿಮಿಂಗಿಲದ ಬಾಲದ ಟೋಪಿ ಹಾಕಿಕೊಂಡು ಓಡಾಡುತ್ತಾರೆ. ತಂಡದ ಆ ಗುರುತು ಬಹಳ ಚೆನ್ನಾಗಿದೆ. ಕೆಳಗೆ ಹಸಿರು ಡಬ್ಲ್ಯೂ, ಮೇಲೆ ನೀಲಿ ಬಾಲ, ನಡುವೆ ಖಾಲಿ ಬಿಟ್ಟ ಬಿಳಿ ಜಾಗದಲ್ಲೇ ಒಂದು ಎಚ್. ಕತ್ತರಿ ಹಿಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಈ ತಂಡದಲ್ಲಿ ಗಾರ್ಡಿ ಹೋವ್ ಎಂಬ ದೊಡ್ಡ ಆಟಗಾರ 1979-80ರಲ್ಲಿ ತನ್ನ ಇಬ್ಬರು ಗಂಡುಮಕ್ಕಳ ಜೊತೆ ಆಡಿದರು. ಆಗ ಅವರಿಗೆ ಐವತ್ತೊಂದು ದಾಟಿತ್ತು. ಎಂಬತ್ತು ಪಂದ್ಯಗಳಲ್ಲಿ ಒಂದನ್ನೂ ಬಿಡಲಿಲ್ಲ!

ನನ್ನ ಹತ್ತಿರ ಇರುವುದು ಅವರದ್ದಲ್ಲ. ಹೆಚ್ಚು ಹೆಸರಿಲ್ಲದ ಒಬ್ಬ ಆಟಗಾರನದು. ಅದನ್ನು ನಿಮಗೆ ತೋರಿಸಬೇಕು ಅಪ್ಪ. ಒಳಗಿನ ಮಗ್ಗುಲು ತಿರುಗಿಸಿದರೆ ನಿಮ್ಮ ಅಂಗಡಿಯೇ ನೆನಪಾಗುತ್ತದೆ. ಬೆನ್ನಲ್ಲಿ ಹೆಸರಿನ ಪಟ್ಟಿಯ ಸುತ್ತ ಹಳೆಯ ಸೂಜಿ ತೂತುಗಳ ಇನ್ನೊಂದು ಸಾಲಿದೆ. ಅಂದರೆ ಮೊದಲು ಬೇರೆ ಯಾರದೋ ಹೆಸರಿತ್ತು, ಬಿಚ್ಚಿ ಇವನದು ಹಾಕಿದ್ದಾರೆ. ಆಗ ಎಷ್ಟೋ ತಂಡಗಳು ಹಾಗೆ ಅಂಗಿ ಉಳಿಸುತ್ತಿದ್ದವು. ಎಡ ಮೊಣಕೈ ಹತ್ತಿರ ತೇಪೆ ಇದೆ, ಜಿಗ್‌ಜಾಗ್ ಹೊಲಿಗೆ, ಅವಸರದ ಕೆಲಸ. ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಬಡಿದು ಆದ ಕಪ್ಪು ಗುರುತುಗಳಿವೆ. ಬೆನ್ನಿನ ಒಳಗಡೆ ಒಂದು ಗಟ್ಟಿ ಪಟ್ಟಿ ಹೊಲಿದಿರುತ್ತಾರೆ, ಅದನ್ನು ಚಡ್ಡಿಗೆ ಕಟ್ಟಿಕೊಳ್ಳುತ್ತಾರೆ. ಹೊಡೆದಾಟದಲ್ಲಿ ಎದುರಾಳಿ ಅಂಗಿಯನ್ನು ತಲೆ ಮೇಲೆ ಎಳೆಯಬಾರದಲ್ವಾ, ಅದಕ್ಕೆ. ಇಲ್ಲಿ ಮೈದಾನದಲ್ಲೇ ಗುದ್ದಾಡುತ್ತಾರೆ. ರೆಫರಿ ಇಬ್ಬರನ್ನೂ ಐದು ನಿಮಿಷ ಹೊರಗೆ ಕೂರಿಸುತ್ತಾನೆ, ಆಮೇಲೆ ಮತ್ತೆ ಆಟ.

ಮೊದಲ ಸಲ ನಾನು ಮೋಸ ಹೋಗಿದ್ದೆ. ಅಂಗಡಿಯಲ್ಲಿ ಮಾರುವ ಜೆರ್ಸಿಗೆ ಹೆಸರು ಹೊಲಿದು, ಎರಡೂ ತೋಳನ್ನು ಒಂದೇ ಥರ ಉಜ್ಜಿ, ಆಟಗಾರ ತೊಟ್ಟು ಆಡಿದ್ದು ಅಂತ ಕೊಟ್ಟಿದ್ದರು. ಒಳಗಿನ ದಾರ ಹೊಸದಾಗಿ ಹೊಳೆಯುತ್ತಿತ್ತು. ನೀವಾಗಿದ್ದರೆ ಮುಟ್ಟಿದ ಕೂಡಲೇ ಹಿಡಿಯುತ್ತಿದ್ದಿರಿ. ಈ ಸಲ ಹಳೆಯ ಪಂದ್ಯದ ಫೋಟೋ ಇಟ್ಟುಕೊಂಡು ನೋಡಿದೆ. ತೇಪೆ ಅದೇ ಜಾಗದಲ್ಲಿತ್ತು, ನಂಬರಿನ ಸೊಟ್ಟ ಹೊಲಿಗೆಯೂ ಹಾಗೇ ಇತ್ತು. ಆಮೇಲೆಯೇ ದುಡ್ಡು ಕೊಟ್ಟದ್ದು. ಒಗೆಯಬಾರದು, ಹಾಗಾಗಿ ಒಗೆದಿಲ್ಲ. ಅಮ್ಮನಿಗೆ ಇದನ್ನು ಹೇಳಬೇಡಿ.

ದುಡ್ಡು ಮನೆಗೆ ಕಳಿಸುವುದರಿಂದ ತೆಗೆದದ್ದಲ್ಲ. ಒಂದು ವರ್ಷ ಶನಿವಾರಗಳಲ್ಲಿ ಕೆಲಸ ಮಾಡಿ ಕೂಡಿಟ್ಟಿದ್ದೆ. ಕ್ವಿಬೆಕ್ ನಾರ್ಡಿಕ್ಸ್ ತಂಡದ ಒಂದನ್ನು ನೋಡಿಟ್ಟಿದ್ದೆ, ಆ ತಂಡವೂ 1995ರಲ್ಲಿ ಊರು ಬಿಟ್ಟಿದ್ದು. ಅಮ್ಮನ ಸಾಲು ಓದಿದ ದಿನವೇ ಬೇಡ ಅಂದೆ. ಆ ದುಡ್ಡು ನಿನ್ನೆ ಭಾವನ ಖಾತೆಗೆ ಹಾಕಿದ್ದೇನೆ. ಅದು ಕಣ್ಣಿಗೆ ಮಾತ್ರ. ಅಂಗಡಿ ಬಾಡಿಗೆಗೆ ಕೊಡಬೇಡಿ.

ಶಾಲೆ ಯೂನಿಫಾರಂ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದಿರಂತೆ. ಬೇಡ ಅಪ್ಪ. ಯೂನಿಫಾರಂ ಶುರುವಾಗುವುದಕ್ಕೆ ಮೊದಲೇ ಮಾಡಿಸಿ. ಪೊರೆ ತೆಗೆದು ಲೆನ್ಸ್ ಇಡುತ್ತಾರೆ, ಅಷ್ಟೇ. ನೋವಾಗದ ಹಾಗೆ ಔಷಧಿ ಹಾಕುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ಒಂದು ಕಣ್ಣು ಈಗ, ಇನ್ನೊಂದು ಆಮೇಲೆ. ಬಸಪ್ಪಣ್ಣನ ಕಣ್ಣಿನ ಕತೆ ತಲೆಗೆ ಹಾಕಿಕೊಳ್ಳಬೇಡಿ. ಅವರು ಶುಗರ್ ನೋಡಿಕೊಳ್ಳಲೇ ಇಲ್ಲ, ನೀವು ಹಾಗಲ್ಲ. ಆದರೂ ಮೊದಲು ಶುಗರ್ ಪರೀಕ್ಷೆ ಮಾಡಿಸಿ. ಮೈಸೂರಿಗೆ ಭಾವ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ, ಬಸ್ಸು ಹತ್ತಬೇಡಿ. ಆಮೇಲೆ ಕೆಲವು ದಿನ ಕಣ್ಣಿಗೆ ನೀರು ತಾಗಿಸಬಾರದು, ಡಾಕ್ಟರು ಹೇಳುವ ತನಕ ಮಿಷನ್ ಮುಟ್ಟಬಾರದು. ಏನೂ ಆಗುವುದಿಲ್ಲ. ನಿಜವಾಗಿ ಏನೂ ಆಗುವುದಿಲ್ಲ. ನನಗೂ ಇಲ್ಲಿ ಯಾವ ತೊಂದರೆಯೂ ಇಲ್ಲ, ಊಟ ಚೆನ್ನಾಗಿದೆ, ಸ್ವೆಟರ್ ಹಾಕುತ್ತೇನೆ, ದುಡ್ಡು ಸಾಕಷ್ಟಿದೆ.

ಪೋಸ್ಟ್ ಆಫೀಸ್ ಮುಚ್ಚುವ ಹೊತ್ತಾಯಿತು, ಹಿಮ ಬೇರೆ ಬೀಳುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ ನಿಮ್ಮ ಮಗ,
ಮಂಜು

ಅಮ್ಮಾ, ಅಪ್ಪ ಏನೇ ಹೇಳಲಿ, ಭಾವನಿಗೆ ಹೇಳಿ ಈ ವಾರವೇ ತಾರೀಕು ತೆಗೆದುಕೊಳ್ಳಿ. ಭಾನುವಾರ ಫೋನ್ ಮಾಡುತ್ತೇನೆ.