ಕೇಸು ರದ್ದಾಯಿತು, ಬಂಗಾರದ ಮಾತು ಹಾಗೇ ಉಳಿಯಿತು

ಮಾನ್ಯ ಸಂಪಾದಕರೇ,

‘ಅತ್ತೆ, ಮಾವ, ನಾದಿನಿಯರ ವಿರುದ್ಧದ ಪ್ರಕರಣ ರದ್ದು’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದನ್ನು ಓದಿದ ಜನ ಆಡುವ ಮಾತೂ ಒಂದೇ. ಸೊಸೆ ಹಾಕಿದ್ದು ಸುಳ್ಳು ಕೇಸು, ಕೋರ್ಟು ಸರಿಯಾಗಿ ಮಾಡಿತು ಅಂತ. ಅಂಥದ್ದೇ ಒಂದು ಪ್ರಕರಣದಲ್ಲಿ ನಾನು ನಾಲ್ಕನೇ ಆರೋಪಿಯಾಗಿದ್ದೆ. ಹೈಕೋರ್ಟು ನನ್ನ ಮೇಲಿನ ಕೇಸನ್ನು ತೆಗೆದುಹಾಕಿತು. ಆದರೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮದುವೆಯಾಗಿ ತವರು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. 2019ರಲ್ಲಿ ಒಂದು ಬೆಳಿಗ್ಗೆ ನಾಲ್ಕನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಪೊಲೀಸರೊಬ್ಬರು ಬಾಗಿಲಲ್ಲಿ ನಿಂತು ನನ್ನ ಹೆಸರು ಕೇಳಿದರು. ಸಾಹೇಬರು ಶಾಲೆ ನೋಡಲು ಬಂದಿದ್ದಾರೆ ಅಂದುಕೊಂಡ ಮಕ್ಕಳು ಎದ್ದುನಿಂತು ‘ನಮಸ್ತೆ ಸರ್’ ಎಂದರು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನೋಟಿಸಿಗೆ ಸಹಿ ಹಾಕಿದೆ. ಕೈಯಲ್ಲಿದ್ದ ಸೀಮೆಸುಣ್ಣದ ಪುಡಿ ಆ ಕಾಗದಕ್ಕೆಲ್ಲ ಮೆತ್ತಿಕೊಂಡಿತು. ಹೆಂಡತಿಗೆ ಗಂಡ ಮತ್ತು ಅವನ ಮನೆಯವರು ಕೊಡುವ ಹಿಂಸೆಗೆಂದು ಭಾರತೀಯ ದಂಡ ಸಂಹಿತೆಯಲ್ಲಿದ್ದ ಕಲಂ 498ಎ, ಜೊತೆಗೆ ವರದಕ್ಷಿಣೆ ನಿಷೇಧ ಕಾಯ್ದೆಯ 3 ಮತ್ತು 4. ದೂರು ಕೊಟ್ಟವರು ನನ್ನ ಹಿರಿಯಣ್ಣನ ಹೆಂಡತಿ, ನನ್ನ ಅತ್ತಿಗೆ. ಕಂಡಕಂಡವರನ್ನು ಬಂಧಿಸಬೇಡಿ, ಮೊದಲು ನೋಟಿಸು ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿರದಿದ್ದರೆ ಶಾಲೆಯ ಅಂಗಳಕ್ಕೆ ಜೀಪೇ ಬರುತ್ತಿತ್ತೇನೋ.

ದೂರಿನ ಪ್ರತಿ ಸಿಕ್ಕಿದ ಮೇಲೆ ಓದಿದೆ. ‘ಎಲ್ಲಾ ಆರೋಪಿತರು ಸೇರಿಕೊಂಡು ದೈಹಿಕವಾಗಿ ಮತ್ತು ಮಾನಸಿಕವಾಗಿ ಹಿಂಸೆ ನೀಡಿ, ತವರಿನಿಂದ ಹೆಚ್ಚಿನ ಹಣ ತರುವಂತೆ ಪೀಡಿಸಿರುತ್ತಾರೆ.’ ನಾನು ಏನು ಮಾಡಿದೆ, ಯಾವತ್ತು ಮಾಡಿದೆ ಎಂಬುದು ಎಲ್ಲಿಯೂ ಇರಲಿಲ್ಲ. ಯುಗಾದಿಗೋ ಪಂಚಮಿಗೋ ಎರಡು ದಿನ ತವರಿಗೆ ಹೋಗಿಬರುವವಳು ನಾನು. ಪುಣೆಯಲ್ಲಿರುವ ತಂಗಿ ಊರಿಗೆ ಬಂದು ಮೂರು ವರ್ಷವಾಗಿತ್ತು. ಅವಳು ಐದನೇ ಆರೋಪಿ.

ನಮ್ಮ ಹೆಸರು ಯಾಕೆ ಬಂತು ಎಂಬುದು ಬಹಳ ದಿನ ಹೊಳೆಯಲಿಲ್ಲ. ವಕೀಲರಿಗೆ ಕೊಡಲು ಹಳೆಯ ಕಾಗದ ಹುಡುಕುತ್ತಿದ್ದಾಗ ಹೊಳೆಯಿತು. ಅಪ್ಪ 2017ರಲ್ಲಿ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು, ಅಂದರೆ ಆಸ್ತಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲೆಂದು, ವಂಶವೃಕ್ಷ ಮಾಡಿಸಿದ್ದೆವು. ಅವ್ವ, ಇಬ್ಬರು ಅಣ್ಣಂದಿರು, ನಾನು, ತಂಗಿ. ದೂರಿನಲ್ಲಿದ್ದುದೂ ಅದೇ ಐದು ಹೆಸರು. ಹಿರಿಯಣ್ಣನನ್ನು ಮೊದಲಿಗೆ ತಂದದ್ದೊಂದು ಬಿಟ್ಟರೆ ಕ್ರಮವೂ ಅದೇ. ಅತ್ತಿಗೆಯ ಜೊತೆ ವರ್ಷಗಟ್ಟಲೆ ಒಂದೇ ಒಲೆಯಲ್ಲಿ ರೊಟ್ಟಿ ಬಡಿದ ಓರಗಿತ್ತಿಯ ಹೆಸರು ಮಾತ್ರ ಇರಲಿಲ್ಲ. ಪಾಲುಪತ್ರಕ್ಕೆ ಅವಳ ಸಹಿ ಬೇಕಾಗಿರಲಿಲ್ಲವಲ್ಲ. ಹಿಂಸೆ ಕೊಟ್ಟವರ ಪಟ್ಟಿ ಅಲ್ಲ ಅದು, ಆಸ್ತಿಯಲ್ಲಿ ಪಾಲಿದ್ದವರ ಪಟ್ಟಿ.

ಜಗಳದ ಬೇರು ಇದ್ದದ್ದು ಮನೆಯಲ್ಲಿ. ಹಂಚಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವಾಗ ದುಡ್ಡು ಸಾಲದೆ ಅತ್ತಿಗೆಯ ಬಂಗಾರ ಗಿರವಿಗೆ ಹೋಗಿತ್ತು. ಮನೆಯ ಖಾತೆ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಹೋದ ಮೇಲೆ ಪಾಲಿನ ಮಾತು ಎದ್ದಾಗ ಅತ್ತಿಗೆ, ‘ಈ ಸ್ಲ್ಯಾಬಿನಾಗ ನನ್ನ ಬಂಗಾರ ಐತಿ’ ಅಂದರು. ಅಲ್ಲಿಂದ ಶುರುವಾದದ್ದು ಪೊಲೀಸ್ ಠಾಣೆಯವರೆಗೆ ಹೋಯಿತು. ಹಿರಿಯಣ್ಣನ ಮೇಲಿನ ವಿಚಾರಣೆ ಇನ್ನೂ ನಡೆಯುತ್ತಿರುವುದರಿಂದ ಗಂಡ ಹೆಂಡಿರ ನಡುವೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮೂರು ವರ್ಷ ಧಾರವಾಡಕ್ಕೆ ಓಡಾಡಿದ ಮೇಲೆ 2022ರಲ್ಲಿ ಹೈಕೋರ್ಟು ಹಿರಿಯಣ್ಣನೊಬ್ಬನನ್ನು ಬಿಟ್ಟು ಉಳಿದ ನಾಲ್ವರ ಮೇಲಿನ ಕೇಸು ರದ್ದು ಮಾಡಿತು. ನನ್ನ ಮಟ್ಟಿಗೆ ಅದು ನ್ಯಾಯವೇ. ಗಂಡನ ಮನೆಯವರ ಹೆಸರನ್ನು ಸುಮ್ಮನೆ ಸೇರಿಸಿದರೆ ಸಾಲದು, ಅವರ ಕೃತ್ಯ ಏನೆಂದು ಹೇಳಬೇಕು ಎಂದು ಸುಪ್ರೀಂ ಕೋರ್ಟು 2012ರ ಗೀತಾ ಮೆಹ್ರೋತ್ರಾ ಪ್ರಕರಣದಲ್ಲಿ ಹೇಳಿತ್ತು. 2022ರಲ್ಲಿ ಕಹಕಶಾನ್ ಕೌಸರ್ ಪ್ರಕರಣದಲ್ಲಿಯೂ ಅದೇ ಮಾತು. 2024ರ ಡಿಸೆಂಬರಿನಲ್ಲಿ ದಾರಾ ಲಕ್ಷ್ಮೀನಾರಾಯಣ ತೀರ್ಪು ಬರೆದವರು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅವರು ಈ ಮಾತನ್ನು ಇನ್ನೂ ಖಡಕ್ಕಾಗಿ ಹೇಳಿದರು. ಕ್ರೌರ್ಯ ಅನುಭವಿಸಿದ ಹೆಣ್ಣು ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಇದರ ಅರ್ಥವಲ್ಲ ಎಂದೂ ಅದೇ ತೀರ್ಪಿನಲ್ಲಿ ಬರೆದಿದ್ದಾರೆ. ಮೊದಲನೆಯ ಮಾತು ಎಲ್ಲರ ಬಾಯಲ್ಲಿದೆ. ಎರಡನೆಯದನ್ನು ಯಾರೂ ಎತ್ತುವುದಿಲ್ಲ.

ನಮ್ಮ ಜೊತೆ ಅವ್ವನೂ ಹೊರಗೆ ಬಂದಳು, ಒಂದೇ ಆದೇಶದಲ್ಲಿ. ನನ್ನ ಸಂಕಟ ಇರುವುದು ಇಲ್ಲಿ. ಬಂಗಾರ ಅವ್ವನ ಕೈಗೆ ಹೋಗಿತ್ತು. ದೂರಿನಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು, ‘ನನ್ನ ಬಂಗಾರವನ್ನು ಸಹ ಆರೋಪಿತರು ಇಟ್ಟುಕೊಂಡಿರುತ್ತಾರೆ.’ ಎಷ್ಟು ತೂಕ, ಯಾವ ಒಡವೆ, ಯಾರಿಗೆ ಕೊಟ್ಟೆ, ಯಾವಾಗ ಕೊಟ್ಟೆ, ಏನೂ ಇಲ್ಲ. ಐದು ಜನರ ಮೇಲೆ ಹರಡಿದ ಮಾತು ಯಾರ ಮೇಲೂ ನಿಲ್ಲಲಿಲ್ಲ. ನನ್ನನ್ನೂ ತಂಗಿಯನ್ನೂ ಸೇರಿಸಿದ್ದರಿಂದ ಅತ್ತಿಗೆಗೆ ಬಲ ಬರಲಿಲ್ಲ, ಇದ್ದ ನಿಜವಾದ ದೂರೂ ತೆಳ್ಳಗಾಯಿತು.

ಒಂದು ಮದುವೆಯಲ್ಲಿ ಎದುರಾದಾಗ ಅತ್ತಿಗೆಯೇ ಬಂದು ಮಾತಾಡಿದರು. ‘ನಿನ್ನ ಹೆಸರು ಬ್ಯಾಡ ಅಂದಿದ್ದೆ ನಾನು. ಎಲ್ಲಾರ ಹೆಸರು ಇದ್ರನ ರಾಜಿಗೆ ಲಗೂನ ಬರ್ತಾರ ಅಂದ್ರು.’ ಹಾಗೆ ಅಂದವರು ಯಾರು ಅಂತ ನಾನು ಕೇಳಲಿಲ್ಲ. 498ಎ ರಾಜಿಯಾಗುವ ಅಪರಾಧವಲ್ಲ. ಆದರೆ ಎರಡೂ ಕಡೆಯವರು ಒಪ್ಪಿದರೆ ಹೈಕೋರ್ಟು ಅದನ್ನು ರದ್ದು ಮಾಡಬಹುದು ಎಂದು 2003ರ ಬಿ.ಎಸ್. ಜೋಶಿ ತೀರ್ಪು ದಾರಿ ತೋರಿಸಿತು. ಮುರಿದ ಮನೆಗಳಿಗೆ ಅದು ದೊಡ್ಡ ಉಪಕಾರ. ಆದರೆ ಅದೇ ದಾರಿಯನ್ನು ನೆಚ್ಚಿಕೊಂಡು ಮೊದಲ ದಿನವೇ ಹೆಸರು ತುಂಬಿಸುವ ರೂಢಿಯೂ ಬೆಳೆದಿದೆ.

ಸ್ತ್ರೀಧನದ, ಅಂದರೆ ಹೆಣ್ಣಿಗೆ ಸ್ವಂತವಾಗಿ ಸೇರಿದ ಒಡವೆ ವಸ್ತುಗಳ ವಿಷಯದಲ್ಲಿ ಕಾನೂನು ಬಡವಾಗಿಲ್ಲ. 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿಯೂ ಗಂಡನ ಮನೆಯವರ ಮೇಲಿನ ಕೇಸನ್ನು ಹೈಕೋರ್ಟು ರದ್ದು ಮಾಡಿತ್ತು. ಸುಪ್ರೀಂ ಕೋರ್ಟು ಆ ರದ್ದನ್ನೇ ತಳ್ಳಿಹಾಕಿ, ಹೆಂಡತಿಯ ಒಡವೆ ಹೆಂಡತಿಯದೇ, ಇಟ್ಟುಕೊಂಡವರು ನಂಬಿಕೆಯ ಮೇಲೆ ಇಟ್ಟುಕೊಂಡವರು ಎಂದಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಸ್ತ್ರೀಧನ ಹಿಂದಿರುಗಿಸಿ ಎಂದು ಮ್ಯಾಜಿಸ್ಟ್ರೇಟರೇ ಆದೇಶ ಮಾಡಬಹುದು. ಒಡವೆ ಕೊಡದೆ ಇಟ್ಟುಕೊಂಡಷ್ಟು ದಿನವೂ ತಪ್ಪು ಮುಂದುವರಿಯುತ್ತಲೇ ಇರುತ್ತದೆ ಎಂದು 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ಸಹಿ ಮಾಡಿಸಿ ಇಡಬೇಕು ಎಂಬ ನಿಯಮ 1985ರಿಂದ ಇದೆ. ಆಹೇರಿ ಬರೆದುಕೊಳ್ಳಲು ಚಪ್ಪರದ ಬಾಗಿಲಲ್ಲೇ ಒಬ್ಬರನ್ನು ಕೂರಿಸುವ ನಾವು ಇದೊಂದು ಪಟ್ಟಿಯನ್ನು ಬರೆಯುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಠಾಣೆಯಲ್ಲಿ ದೂರು ಬರೆದುಕೊಳ್ಳುವವರಿಗೆ. ಒಂದೊಂದು ಹೆಸರಿಗೂ ಏನು, ಎಲ್ಲಿ, ಯಾವಾಗ ಎಂದು ಕೇಳಿ ಬರೆದುಕೊಳ್ಳಿ. ಒಡವೆಯ ಮಾತು ಬಂದರೆ ತೂಕ ಕೇಳಿ, ಗಿರವಿ ಚೀಟಿ ಕೇಳಿ. ಈಗ 498ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 85 ಬಂದಿದೆ, ಬರೆಯುವ ರೀತಿ ಮಾತ್ರ ಹಳೆಯದೇ. ಪತ್ರಿಕೆಯವರಿಗೂ ಒಂದು ಮಾತು. ರದ್ದಾಯಿತು ಎಂದರೆ ಹೆಂಗಸು ಸುಳ್ಳು ಹೇಳಿದಳು ಎಂದು ಕೋರ್ಟು ತೀರ್ಮಾನಿಸಿತು ಎಂದಲ್ಲ. ದೂರಿನಲ್ಲಿ ಬರೆದದ್ದನ್ನೆಲ್ಲ ಒಪ್ಪಿಕೊಂಡರೂ ಈ ವ್ಯಕ್ತಿಯ ಮೇಲೆ ಅಪರಾಧ ನಿಲ್ಲುವುದಿಲ್ಲ ಎಂದೇ ಬಹಳ ಸಲ ಅದರ ಅರ್ಥ. ನನ್ನ ಆದೇಶದಲ್ಲಿ ಇದ್ದದ್ದೂ ಅಷ್ಟೇ. 2022ರ ಒಂದೇ ವರ್ಷ ದೇಶದಲ್ಲಿ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾಗಿವೆ. ಇಂಥ ನಾಡಿನಲ್ಲಿ ‘ಸುಳ್ಳು ಕೇಸು’ ಎಂಬ ಪದವನ್ನು ಅಷ್ಟು ಸಲೀಸಾಗಿ ತಲೆಬರಹಕ್ಕೆ ಹಾಕಬೇಡಿ.

ಕಳೆದ ವರ್ಷ ಅವ್ವನಿಗೆ ಕಾಲು ಮುರಿದಾಗ ಆಸ್ಪತ್ರೆಗೆ ಸೀರೆ ಒಯ್ಯಲೆಂದು ಅವಳ ಟ್ರಂಕು ತೆಗೆದೆ. ತಳದಲ್ಲಿ ಅರಿಶಿನದ ಬಟ್ಟೆಯೊಳಗೆ ಮಡಿಸಿಟ್ಟ ಗಿರವಿ ಚೀಟಿ ಇತ್ತು. ಪಾಟ್ಲಿ ಒಂದು ಜೊತೆ, ಬಿಲ್ವಾರ ಎರಡು ಜೊತೆ, ಬೋರಮಾಳ ಸರ ಒಂದು, ಒಟ್ಟು 62 ಗ್ರಾಂ, ಅವ್ವನ ಹೆಬ್ಬೆಟ್ಟು. ತಾರೀಕು ಸ್ಲ್ಯಾಬ್ ಹಾಕಿದ ತಿಂಗಳಿನದು. ಎರಡು ದಿನ ಅದನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಅತ್ತಿಗೆಯ ಕೈಗೆ ಕೊಟ್ಟೆ. ಅವ್ವ ಈಗ ನನ್ನ ಜೊತೆ ಮಾತಾಡುವುದಿಲ್ಲ. ಅತ್ತಿಗೆ ಒಡವೆಗಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಮುಂದಿನ ವಾಯಿದೆಗೆ ನಾನು ಅವರ ಕಡೆಯ ಸಾಕ್ಷಿ.

ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಇಂತಿ,
ಓದುಗಳೊಬ್ಬಳು
ಹಾವೇರಿ ಜಿಲ್ಲೆ